ಗೆರೆಯ ಕೆಳಗಿನ ಉಕ್ಕು

ಆ ಸದ್ದು ನನಗೂ ಕೇಳಿಸಿತು. ನಾನು ಅಂಗಡಿಯ ಬಾಗಿಲ ಕಡೆಯ ಮೂಲೆಯಲ್ಲಿ ಕೂತು ಹಳೆಯ ಚೀಲವೊಂದಕ್ಕೆ ಹೊಸ ಜಿಪ್ಪು ಹಾಕುತ್ತಿದ್ದೆ. ದಾರ ಕಡಿದು ಹೊಲಿಗೆ ಮಷೀನು ನಿಂತಿತ್ತು. ಒಳಗಡೆ ಬೆಂಚಿನ ಹತ್ತಿರ ಭಾವ ನನ್ನ ಅಕ್ಕನ ಸೈಕಲ್ಲನ್ನು ತಲೆಕೆಳಗು ಮಾಡಿ ಕಟ್ಟಿ, ಹಿಂದಿನ ಚಕ್ರ ಕೂರುವ ಎರಡು ಕಾಲುಗಳನ್ನು ಅಗಲ ಮಾಡುತ್ತಿದ್ದರು. ಸ್ಪ್ಯಾನರ್ ಅರ್ಧ ಸುತ್ತು ತಿರುಗಿತು. ಟಿಕ್ ಅಂತು. ಉಗುರು ಕತ್ತರಿಸಿದಾಗ ಬರುತ್ತದಲ್ಲ, ಅಷ್ಟೇ ಸದ್ದು.

ಭಾವನ ಕೈ ಅಲ್ಲೇ ನಿಂತಿತು.

"ಕೇಳಿಸ್ತಾ?" ಎಂದರು.

"ನನ್ನ ಸೂಜಿ ಇರ್ಬೇಕು."

"ನಿನ್ನ ಸೂಜಿ ನಿಂತು ಆಗ್ಲೇ ಎಷ್ಟೋ ಹೊತ್ತಾಯ್ತು, ಕತ್ತರಿ."

ಕತ್ತರಿ ಅನ್ನುವುದು ನನಗೆ ಅವರು ಇಟ್ಟ ಹೆಸರು. ಕೆಲಸಕ್ಕೆ ಕತ್ತರಿ ಹಿಡಿಯುತ್ತೇನೆಂದು ಇಟ್ಟದ್ದಲ್ಲ, ನನ್ನ ನಾಲಿಗೆಗೆ ಇಟ್ಟದ್ದು. ನಾನೇನೂ ಬೇಜಾರು ಮಾಡಿಕೊಂಡಿಲ್ಲ. ಅವರಿಗೂ ಊರಿನವರು ಇಟ್ಟ ಹೆಸರೊಂದಿದೆ, ಕಿವಿಯಪ್ಪ. ಸೈಕಲ್ಲು ಬೀದಿಯ ಆ ತುದಿಯಲ್ಲಿ ತಿರುಗುವಾಗಲೇ ಅದರ ಕಾಯಿಲೆ ಏನೆಂದು ಇಲ್ಲಿಂದ ಹೇಳುವ ಮನುಷ್ಯ. ಚೈನು ಒಣಗಿದೆ, ಬೇರಿಂಗಿನಲ್ಲಿ ಒಂದು ಗುಂಡು ಒಡೆದಿದೆ, ಹಿಂದಿನ ಚಕ್ರದ ಕಡ್ಡಿ ಸಡಿಲವಾಗಿದೆ, ಹೀಗೆ. ಅಂಗಡಿಯಲ್ಲಿ ರೇಡಿಯೋ ಹಾಕಲು ಬಿಡುವುದಿಲ್ಲ. ಗಿರಾಕಿಗಳು ಮಾತಾಡಿದರೂ ಮುಖ ಗಂಟು ಹಾಕುತ್ತಾರೆ. ಸೈಕಲ್ಲಿನ ಮಾತು ಅಷ್ಟು ಚೆನ್ನಾಗಿ ಕೇಳುವ ಕಿವಿ, ಮನುಷ್ಯರು ಹೇಳಿದ್ದನ್ನು ಮಾತ್ರ ಒಂದು ಕಡೆಯಿಂದ ಕೇಳಿ ಇನ್ನೊಂದು ಕಡೆಯಿಂದ ಬಿಡುತ್ತದೆ. ಉಪ್ಪು ತನ್ನಿ ಅಂದರೆ ಸಕ್ಕರೆ ತರುವ ಜಾತಿ.

ಅವರು ಮೊದಲು ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಇದ್ದರು. ತಯಾರಾದ ಪಂಪುಗಳನ್ನು ಸಾಲಾಗಿ ಓಡಿಸಿ, ಮರದ ಕೋಲಿನ ಒಂದು ತುದಿಯನ್ನು ಪಂಪಿಗೂ ಇನ್ನೊಂದು ತುದಿಯನ್ನು ಕಿವಿಗೂ ಒತ್ತಿ, ಒಳ್ಳೆಯದು ಕೆಟ್ಟದ್ದು ವಿಂಗಡಿಸುವುದು ಕೆಲಸ. ಕಾರ್ಖಾನೆ ಮುಚ್ಚಿದಾಗ ಆ ಕೋಲೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಆಮೇಲೆ ಈ ಅಂಗಡಿ. ಜನ ಅಟ್ಟದಲ್ಲಿ, ಮೆಟ್ಟಿಲ ಕೆಳಗೆ ಎಸೆದಿದ್ದ ಹಳೆಯ ಉಕ್ಕಿನ ರೇಸ್ ಸೈಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಆ ಕಾಲದ ಫ್ರೇಮುಗಳು ಸಣ್ಣ ಕೊಳವೆಗಳಿಂದ ಮಾಡಿದವು, ನೋಡಲು ಬಡಕಲು, ಆದರೆ ಗಟ್ಟಿ. ಅವುಗಳ ಗೇರು, ಬ್ರೇಕು ಮಾತ್ರ ಹಳತಾಗಿ ಯಾರಿಗೂ ಬೇಡವಾಗಿದ್ದವು. ಭಾವ ಮೈಯನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಹೊಸದು ಮಾಡುತ್ತಿದ್ದರು. ಈಗಿನ ಕಾಲದ ಗೇರು, ಕೂದಲೆಳೆಯಷ್ಟು ಒತ್ತಿದರೂ ಹಿಡಿಯುವ ಬ್ರೇಕು, ಹಗುರ ಚಕ್ರ. ಮುದುಕರಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ, ಅನ್ನುತ್ತಿದ್ದಳು ಅಕ್ಕ.

ಅಕ್ಕ ಬೋರ್ಡು ಬರೆಯುವವಳು. ಅಂಗಡಿಗಳ ಹೆಸರು, ಗೋಡೆಯ ಜಾಹೀರಾತು, ಲಾರಿಗಳ ಹಿಂದಿನ ಅಕ್ಷರ. ನಾನು ಅವಳ ಬಣ್ಣದ ಡಬ್ಬಿ ಹೊರುವವಳಾಗಿ ಜೊತೆಗೆ ಓಡಾಡುತ್ತಿದ್ದೆ. ಈ ಅಂಗಡಿಗೆ ಬೋರ್ಡು ಬರೆಯಲು ನಾವು ಬಂದ ದಿನ, ಅವಳು ತನ್ನ ಹಸಿರು ಸೈಕಲ್ಲಿನಿಂದ ಇಳಿಯುವ ಮೊದಲೇ ಈ ಮನುಷ್ಯ ಒಳಗಿನಿಂದ ಕೂಗಿ ಹೇಳಿದರು, "ನಿಮ್ಮ ಪೆಡಲ್ ಒಳಗೆ ಬೇರಿಂಗ್ ಹೋಗಿದೆ." ಅಕ್ಕ ಕೂಗಿಯೇ ಉತ್ತರ ಕೊಟ್ಟಳು, "ನಿಮ್ಮ ಮರ್ಯಾದೆ ಎಲ್ಲಿಗೆ ಹೋಗಿದೆ?" ಆ ಜಗಳ ಮದುವೆಗೆ ಬಂದು ನಿಂತಿತು. ಈಗ ಅಕ್ಕ ಇಲ್ಲ. ಅವಳು ಬಣ್ಣ ಇಡುತ್ತಿದ್ದ ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು ಇದೆ.

ಅವರು ಅಗಲ ಮಾಡುತ್ತಿದ್ದದ್ದು ಅದೇ ಹಸಿರು ಸೈಕಲ್ಲು.

ಹಳೆಯ ಫ್ರೇಮಿಗೆ ಹೊಸ ಚಕ್ರ ಹಾಗೇ ಕೂರುವುದಿಲ್ಲ. ಹೊಸ ಗೇರಿನ ಚಕ್ರ ನಾಲ್ಕು ಮಿಲಿಮೀಟರ್ ಅಗಲ ಜಾಸ್ತಿ. ಅದಕ್ಕೆ ಹಿಂದಿನ ಎರಡು ಕಾಲುಗಳ ನಡುವೆ ಉದ್ದನೆಯ ಬೋಲ್ಟು ಇಟ್ಟು, ಒಳಗಿನಿಂದ ನಟ್ಟು ತಿರುಗಿಸುತ್ತಾ ಅವನ್ನು ಆಚೆ ಈಚೆ ತಳ್ಳಬೇಕು. ಉಕ್ಕಿಗೆ ಹಟ ಇದೆ. ಬೇಕಾದಷ್ಟೇ ತಳ್ಳಿದರೆ ಬಿಟ್ಟ ತಕ್ಷಣ ವಾಪಸ್ಸು ಬರುತ್ತದೆ. ಬೇಕಾದ್ದಕ್ಕಿಂತ ಇನ್ನೂ ಮುಂದೆ ತಳ್ಳಬೇಕು, ಎಷ್ಟು ಮುಂದೆ ಅನ್ನುವುದು ಕೈಗೆ ಗೊತ್ತಿರಬೇಕು. ಬೇರೆಯವರ ಎಷ್ಟೋ ಸೈಕಲ್ಲುಗಳಿಗೆ ಭಾವ ಶಿಳ್ಳೆ ಹೊಡೆಯುತ್ತಾ ಈ ಕೆಲಸ ಮಾಡಿದ್ದಾರೆ. ಇದಕ್ಕೆ ಮಾತ್ರ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ.

ನಟ್ಟು ಸಡಿಲಿಸಿ, ಬೋಲ್ಟು ತೆಗೆದು ಪಕ್ಕಕ್ಕಿಟ್ಟು, ಎರಡು ಕಾಲುಗಳನ್ನು ಮೇಲ್ಗಡೆ ಸೇರಿಸುವ ಸಣ್ಣ ಅಡ್ಡ ಕೊಳವೆಯ ಮೇಲೆ ಬೆರಳಿಟ್ಟರು. ಹಿಂದಿನ ಬ್ರೇಕು ಕೂರುವುದು ಆ ಕೊಳವೆಯ ಮೇಲೆ. ಅದರ ಎರಡು ತುದಿಗಳಲ್ಲಿ ಬೆಸುಗೆ.

"ಸದ್ದು ಬಂದಿದ್ದು ಇಲ್ಲಿಂದ," ಎಂದರು. "ಬಲಗಡೆಯಿಂದ."

"ಬಂದ್ರೆ ಏನಾಯ್ತು?"

"ಬೆಸುಗೆ ಬಿಟ್ಟಿರಬಹುದು. ಇಳಿಜಾರಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಈ ತುಂಡು ಕಿತ್ತು ಬಂದ್ರೆ, ಬ್ರೇಕ್ ಸಮೇತ ಹೋಗಿ ಚಕ್ರದೊಳಗೆ ಸಿಕ್ಕಿಕೊಳ್ಳುತ್ತೆ."

ಭಾನುವಾರ ಆ ಸೈಕಲ್ಲಿನ ಮೇಲೆ ಗುಡ್ಡ ಇಳಿಯುವವಳು ಅವರ ಮಗಳು.

ಮಗಳನ್ನು ನಾವು ಬುಗುರಿ ಅನ್ನುತ್ತೇವೆ. ಚಿಕ್ಕಂದಿನಿಂದ ಒಂದು ಕಡೆ ನಿಂತವಳಲ್ಲ. ಈಗ ಪಾರ್ಸೆಲ್ ಕಚೇರಿಯಲ್ಲಿ ಕೆಲಸ, ಅಲ್ಲೂ ಕೂತಿರುವುದನ್ನು ಯಾರೂ ನೋಡಿಲ್ಲವಂತೆ. ಪ್ರತಿ ವರ್ಷ ಗುಡ್ಡದ ರಸ್ತೆಯಲ್ಲಿ ಸೈಕಲ್ ಸ್ಪರ್ಧೆ ನಡೆಯುತ್ತದೆ, ಈ ಕಡೆಯಿಂದ ಹತ್ತಿ ಆ ಕಡೆಗೆ ಇಳಿಯುವುದು. ಅಕ್ಕ ಒಮ್ಮೆ ಅದರಲ್ಲಿ ಸ್ಪರ್ಧಿಸಿದ್ದಳು. ಕೊನೆಯ ಏರಿನಲ್ಲಿ ಆ ಹಳೆಯ ಭಾರದ ಗೇರು ತುಳಿಯಲಾಗದೆ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಹೋಗಿದ್ದಳು. ಜೀವನವಿಡೀ ಅದನ್ನು ಹೇಳಿಕೊಂಡು ನಗುತ್ತಿದ್ದಳು. ಬುಗುರಿಗೆ ಅದು ನಗುವ ಸಂಗತಿಯಾಗಿ ಕಾಣಲಿಲ್ಲ. ಅಮ್ಮನ ಸೈಕಲ್ಲಿನಲ್ಲೇ ಆ ಏರನ್ನು ಇಳಿಯದೆ ಹತ್ತಬೇಕು ಅನ್ನುವುದು ಅವಳ ಹಟ. ಹಗುರವಾದ ಗೇರು ಹಾಕಿಕೊಡಿ ಎಂದು ಅಪ್ಪನ ಬೆನ್ನು ಹತ್ತಿದ್ದಳು.

"ಬೇರೆ ಸೈಕಲ್ ಕೊಟ್ಟುಬಿಡಿ ಅವಳಿಗೆ," ಎಂದೆ ನಾನು. "ಇಷ್ಟೊಂದು ನೇತಾಡ್ತಾ ಇವೆ."

"ಕೊಟ್ರೆ ಇದನ್ನ ಮುಂದಿನ ವಾರ ಓಡಿಸ್ತಾಳೆ. ಆಗ ನಾನು ನೋಡೋಕೂ ಇರಲ್ಲ."

ಹೇಗೆ ನೋಡುವುದು? ಬಿರುಕು ಇದ್ದರೆ ಅದು ಬಣ್ಣದ ಕೆಳಗೆ ಇದೆ. ಬಣ್ಣ ಕೆರೆಯಬೇಕು. ತೊಂದರೆ ಇದ್ದದ್ದೇ ಅಲ್ಲಿ.

ಮದುವೆಯಾದ ಮೇಲೆ ಸೈಕಲ್ಲಿಗೆ ಹೊಸದಾಗಿ ಕಡು ಹಸಿರು ಬಣ್ಣ ಹೊಡೆದು, ಕೊಳವೆಗಳು ಸೇರುವಲ್ಲೆಲ್ಲ ಅಕ್ಕ ಕೂದಲಿನಂಥ ಕುಂಚ ಹಿಡಿದು ಚಿನ್ನದ ಬಣ್ಣದ ಗೆರೆ ಎಳೆದಿದ್ದಳು. ಅವಳ ಕೈಯ ಗೆರೆ ಅಂದರೆ ಗೆರೆ. ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು. ಒಂದೇ ಒಂದು ಕಡೆ ಅದು ತಪ್ಪಿದೆ. ಆ ಅಡ್ಡ ಕೊಳವೆಯ ಬಲ ತುದಿಯಲ್ಲಿ ಗೆರೆ ಬರುತ್ತಾ ಬರುತ್ತಾ ಸ್ವಲ್ಪ ಉಬ್ಬಿ, ಅಲುಗಿ, ಮತ್ತೆ ಸರಿಯಾಗಿ ಮುಂದೆ ಹೋಗಿದೆ. ಅವಳು ಅದನ್ನು ಎಳೆಯುವಾಗ ಭಾವ ಏನೋ ಅಂದು ನಗಿಸಿಬಿಟ್ಟಿದ್ದರು. ಒರೆಸಿ ಇನ್ನೊಮ್ಮೆ ಎಳೆ ಎಂದದ್ದಕ್ಕೆ ಅವಳು ಒಪ್ಪಲಿಲ್ಲ. ಅವಳು ಹೋದ ಮೇಲೆ ಬುಗುರಿ ಆ ಉಬ್ಬಿಗೆ ಅಮ್ಮನ ನಗು ಎಂದು ಹೆಸರಿಟ್ಟಳು. ಬಾಗಿಲು ದಾಟುವಾಗೆಲ್ಲ ಅದನ್ನು ಬೆರಳಿನಿಂದ ಮುಟ್ಟಿಯೇ ಹೋಗುತ್ತಾಳೆ. ಅಕ್ಕನ ಫೋಟೋ ಮನೆಯಲ್ಲಿ ಬೇಕಾದಷ್ಟಿವೆ. ಒಂದರಲ್ಲೂ ಅವಳು ಹಾಗೆ ನಕ್ಕಿಲ್ಲ.

"ಅದನ್ನ ಮುಟ್ಟಿದ್ರೆ ನೋಡಿ ಮತ್ತೆ," ಎಂದೆ.

ಭಾವ ಮುಟ್ಟಲಿಲ್ಲ. ಕೆರೆಯದೇ ಕಂಡುಹಿಡಿಯಲು ಏನೇನು ಮಾಡಬಹುದೋ ಅದನ್ನೆಲ್ಲ ಮಾಡಿದರು. ನನ್ನಿಂದ ಹೊಲಿಗೆ ದಾರ ಇಸಿದುಕೊಂಡು, ಮುಂಭಾಗದಿಂದ ಹಿಂದಿನ ಕಾಲುಗಳ ತನಕ ಎರಡು ಬದಿಗೂ ಬಿಗಿದು ಕಟ್ಟಿ, ನಡುವಿನ ಕೊಳವೆಗೂ ದಾರಕ್ಕೂ ಇರುವ ಅಂತರ ಅಳೆದರು. ಎರಡೂ ಕಡೆ ಸಮ. ಅಂದರೆ ಕಾಲುಗಳು ಸರಿಯಾಗಿಯೇ ಅಗಲವಾಗಿವೆ. ಕಾರ್ಖಾನೆಯ ಆ ಕೋಲು ತಂದು ಫ್ರೇಮಿಗೊತ್ತಿ, ಸ್ಪ್ಯಾನರ್ ಹಿಡಿಯಿಂದ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ತಟ್ಟಿ ಕೇಳಿದರು. ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಮತ್ತೆ ಮತ್ತೆ ತಟ್ಟಿದರು. ಬೀದಿಯಲ್ಲಿ ಬಸ್ಸು ಹೋದರೆ ನಿಲ್ಲಿಸುವುದು, ಅದು ದೂರವಾದ ಮೇಲೆ ಮತ್ತೆ ತಟ್ಟುವುದು. ನನಗೆ ಮಷೀನು ತುಳಿಯಲು ಭಯವಾಗಿ ಕೈ ಕಟ್ಟಿಕೊಂಡು ಕೂತೆ.

"ಏನನ್ನುತ್ತೆ?" ಎಂದೆ ಕಡೆಗೆ.

"ಗೊತ್ತಾಗ್ತಿಲ್ಲ."

ಆ ಮನುಷ್ಯನ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು. ನಿಜ ಹೇಳಬೇಕೆಂದರೆ ಸದ್ದಿಗಿಂತ ಹೆಚ್ಚಾಗಿ ಅದು ನನ್ನನ್ನು ಹೆದರಿಸಿತು.

ಸಂಜೆ ಬುಗುರಿ ಬಂದಳು. ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ ಎಸೆದು ನೆಟ್ಟಗೆ ಬೆಂಚಿನ ಹತ್ತಿರ ಹೋದಳು.

"ಅಪ್ಪ, ಇನ್ನೂ ಚಕ್ರ ಹಾಕಿಲ್ವಾ?"

"ಹಾಕ್ತೀನಿ."

"ಯಾವಾಗ? ನಾನು ಒಂದ್ಸಲನಾದ್ರೂ ಓಡಿಸಿ ನೋಡ್ಬೇಕಲ್ಲ. ಗೇರ್ ಅಭ್ಯಾಸ ಆಗ್ಬೇಕು. ಏನಾದ್ರೂ ತೊಂದರೆನಾ?"

ಭಾವ ನನ್ನ ಮುಖ ನೋಡಿದರು. ಸುಳ್ಳು ಹೇಳಲು ಬರದ ಮನುಷ್ಯ, ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಾರೆ. ನಾನೇ ನಡುವೆ ಬಾಯಿ ಹಾಕಿ, "ಒಂದು ಸಾಮಾನು ಬರ್ಬೇಕಂತೆ ಕಣೇ, ನಾಳೆ ಬರುತ್ತೆ," ಎಂದೆ. ಅವಳು ಬಗ್ಗಿ ಅಮ್ಮನ ನಗುವನ್ನು ಬೆರಳಿನಿಂದ ಮುಟ್ಟಿ, ಹಾಡು ಗುನುಗುತ್ತಾ ಮೆಟ್ಟಿಲು ಹತ್ತಿ ಮನೆಗೆ ಹೋದಳು. ಅವಳ ಬೆರಳಿಗೂ ಆ ಬಿರುಕಿಗೂ, ಬಿರುಕು ಇದ್ದರೆ, ನಡುವೆ ಇದ್ದದ್ದು ಒಂದು ಪದರ ಬಣ್ಣ.

"ಅವಳಿಗೆ ಹೇಳಿಬಿಡಿ," ಎಂದೆ. "ಅವಳ ಅಮ್ಮನ ಗೆರೆ, ಅವಳ ಜೀವ. ಅವಳೇ ನಿರ್ಧಾರ ಮಾಡ್ಲಿ."

"ಕೇಳಿದ್ರೆ ಕೆರೀಬೇಡಿ ಅಂತಾಳೆ. ಅವಳ ವಯಸ್ಸಲ್ಲಿ ಯಾರಿಗೂ ತಾವು ಬೀಳ್ತೀವಿ ಅನ್ನೋ ನಂಬಿಕೆ ಇರಲ್ಲ."

ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಬೆಂಚಿನ ಕೆಳಗೆ ಒಂದು ವಾಷರ್ ಸಿಕ್ಕಿತು. ಬೋಲ್ಟು ತೆಗೆದಾಗ ಜಾರಿ ಬಿದ್ದಿರಬೇಕು. ಎತ್ತಿ ನೋಡಿದೆ. ನಡುವಿನ ತೂತಿನಿಂದ ಅಂಚಿನ ತನಕ ಸೀಳಿತ್ತು. ವಾಷರ್ ಪೂರ್ತಿ ಮಾಸಲು, ಸೀಳಿದ ಜಾಗ ಮಾತ್ರ ಫಳಫಳ ಹೊಳೆಯುತ್ತಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು. ಪೊರಕೆ ಅಲ್ಲೇ ಬಿಟ್ಟು ಭಾವನ ಮುಂದೆ ಅಂಗೈ ಚಾಚಿದೆ.

"ಇಗೋ ನಿಮ್ಮ ಟಿಕ್ಕು! ಹಿಡ್ಕೊಳ್ಳಿ. ಒಂದು ವಾಷರ್‌ಗೋಸ್ಕರ ಮನೆಯವರನ್ನೆಲ್ಲ ಹುರಿದು ತಿಂದ್ರಿ."

ಅವರು ಅದನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಸೀಳು ಸವರಿದರು.

"ನಿನ್ನೇನೇ ಒಡೆದಿರೋದು," ಎಂದರು.

"ಆಯ್ತಲ್ಲ? ಇನ್ನೇನು? ಚಕ್ರ ಹಾಕಿ."

ಅವರು ಸ್ಟೂಲಿನ ಮೇಲೆ ಕೂತರು. ಮುಖ ಅರಳಲಿಲ್ಲ.

"ವಾಷರ್ ಒಡೆದಿದೆ, ಸರಿ. ಬೆಸುಗೆ ಬಿಟ್ಟಿಲ್ಲ ಅಂತ ವಾಷರ್ ಹೇಳುತ್ತಾ?"

ನನಗೆ ಕೋಪ ನೆತ್ತಿಗೇರಿತು. "ಸದ್ದು ಬಂದಿದ್ದು ಒಂದು! ಒಡೆದಿರೋದು ಒಂದು! ಲೆಕ್ಕ ಸರಿ ಹೋಯ್ತಲ್ಲ? ನಿಮಗೆ ಬೇಕಾಗಿರೋದಾದ್ರೂ ಏನು? ಅವಳ ಕೈಯಿಂದ ಉಳಿದಿರೋದು ಅದೊಂದು. ಬೋರ್ಡುಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿ ಪ್ಲಾಸ್ಟಿಕ್ ಹಾಕಿದ್ರು. ಗೋಡೆಗಳಿಗೆ ಸುಣ್ಣ ಹೊಡೆದ್ರು. ಇದನ್ನೂ ಕೆರೆದುಹಾಕಿ ಆರಾಮಾಗಿರಿ."

ನಾನು ಬೊಬ್ಬೆ ಹೊಡೆದರೆ ಸಾಮಾನ್ಯವಾಗಿ ಎದ್ದು ಹೊರಗೆ ಹೋಗುವ ಮನುಷ್ಯ ಅಂದು ಏಳಲಿಲ್ಲ. ವಾಷರನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೂತಿದ್ದರು.

"ಅವಳಿಗೆ ಮೊದಲ್ನೇ ಸಲ ಹೊಟ್ಟೆನೋವು ಬಂದಾಗ ಏನಂದ್ಲು, ನೆನಪಿದೆಯಾ?"

ನೆನಪಿಲ್ಲದೆ ಏನು. ಆ ದೊಡ್ಡ ಗೋದಾಮಿನ ಗೋಡೆ ಬರೆಯುತ್ತಿದ್ದ ದಿನಗಳು. ಬೆಳಗ್ಗೆ ಏಣಿ ಹತ್ತಿದರೆ ಕತ್ತಲಾದ ಮೇಲೆ ಇಳಿಯುತ್ತಿದ್ದಳು. ಊಟ ಡಬ್ಬಿಯಲ್ಲಿ ಹಾಗೇ ವಾಪಸ್ಸು ಬರುತ್ತಿತ್ತು.

"ಏನಿಲ್ಲ ಅಂದ್ಲು," ಎಂದರು ಭಾವ. "ಹೊತ್ತಿಗೆ ಸರಿಯಾಗಿ ಊಟ ಮಾಡ್ತಿಲ್ಲ, ಅದಕ್ಕೆ ಅಂದ್ಲು. ಒಳ್ಳೇ ಕಾರಣ. ಸುಳ್ಳೂ ಅಲ್ಲ, ಅವಳು ಊಟ ಬಿಟ್ಟಿದ್ದು ನನ್ನ ಕಣ್ಣಿಗೇ ಕಾಣ್ತಿತ್ತು. ನನಗೊಂದು ಕಾರಣ ಬೇಕಾಗಿತ್ತು, ಸಿಕ್ತು. ಸಿಕ್ಕಿದ್ದನ್ನ ಹಿಡ್ಕೊಂಡು ಸುಮ್ಮನಾದೆ. ಕೊನೆಗೆ ಡಾಕ್ಟರು ನೋಡೋ ಹೊತ್ತಿಗೆ..." ವಾಷರನ್ನು ಬೆಂಚಿನ ಮೇಲಿಟ್ಟರು. "ಇದೂ ಒಳ್ಳೇ ಕಾರಣವೇ, ಕತ್ತರಿ. ನನಗೆ ಇದನ್ನ ಹಿಡ್ಕೊಂಡು ಸುಮ್ಮನಿರೋಕೆ ಆಗಲ್ಲ."

ಊರಿಗೆಲ್ಲ ಕಿವಿಯಪ್ಪ ಎಂದು ಹೆಸರಾದವರು, ಪಕ್ಕದಲ್ಲಿ ಮಲಗಿದವಳ ನರಳಿಕೆ ಕೇಳಿಸಿಕೊಂಡೂ ಏನಿಲ್ಲ ಎಂಬ ಮಾತನ್ನು ನಂಬಿದರಲ್ಲ, ಅದು ಅವರನ್ನು ಇಷ್ಟು ವರ್ಷ ಒಳಗೊಳಗೇ ತಿನ್ನುತ್ತಿತ್ತು ಎಂದು ನನಗೆ ಅವತ್ತು ತಿಳಿಯಿತು. ಕಸದ ಮೊರ ಎತ್ತಿಕೊಂಡು ಹೊರಗೆ ಹೋಗಿ ಅತ್ತೆ. ಮುಖ ತೊಳೆದು ಒಳಗೆ ಬಂದು, "ಬೆಳಕು ಇರೋವಾಗ್ಲೇ ಮಾಡಿ ಮುಗ್ಸಿ," ಎಂದೆ.

ಫ್ರೇಮನ್ನು ಬಾಗಿಲ ಬಿಸಿಲಿಗೆ ತಂದು ನನ್ನ ಎರಡು ಮೊಣಕಾಲುಗಳ ಮೇಲೆ ಅಡ್ಡ ಇಟ್ಟುಕೊಂಡೆ. ಭಾವ ಬಣ್ಣ ಕೆರೆಯುವ ಸಣ್ಣ ಚಾಕು ತೆಗೆದುಕೊಂಡರು. ಸದ್ದು ಬಂದದ್ದು ಬಲಗಡೆಯಿಂದ, ಆದರೂ ಎಡ ತುದಿಯಿಂದ ಶುರು ಮಾಡಿದರು. ಹಸಿರು ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಂತು, ಅದರ ಜೊತೆಗೆ ಚಿನ್ನದ ಎಳೆ. ಎಡ ತುದಿ ಬೆಳ್ಳಗಾಯಿತು. ಮೇಲಕ್ಕೆ, ಹಿಂದಕ್ಕೆ, ಅಡ್ಡ ಕೊಳವೆಯ ಉದ್ದಕ್ಕೆ ಬಂದರು. ಬಲ ತುದಿಯ ಉಬ್ಬಿನ ಹತ್ತಿರ ಬಂದಾಗ ಚಾಕು ನಿಂತಿತು.

ಕಾದೆ. ಚಾಕುವಿನ ಮೊನೆ ಗೆರೆಯನ್ನು ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ.

"ನನ್ನ ಕೈಲಿ ಆಗಲ್ಲ," ಎಂದರು.

"ಕೊಡಿ ಇಲ್ಲಿ."

ಚಾಕು ಕಿತ್ತುಕೊಂಡೆ. ಯೋಚಿಸಿದ್ದರೆ ನನ್ನ ಕೈಲೂ ಆಗುತ್ತಿರಲಿಲ್ಲ. ತಪ್ಪಿದ ಹೊಲಿಗೆ ಬಿಚ್ಚುವಾಗ ಹೇಗೆ ಒಂದೇ ಉಸಿರಿಗೆ ಬಿಚ್ಚುತ್ತೇನೋ ಹಾಗೆ ಎಳೆದುಬಿಟ್ಟೆ. ಅಕ್ಕನ ನಗು ಒಂದು ಸಣ್ಣ ಚೂರಾಗಿ ಎದ್ದು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿತು. ಒರೆಸಿಕೊಳ್ಳಲು ಮನಸ್ಸಾಗದೆ ಹಾಗೇ ಬಿಟ್ಟೆ. ಉಪ್ಪುಕಾಗದದಿಂದ ಉಜ್ಜಿದೆ. ಕೆಳಗೆ ಬೆಸುಗೆ ಕಂಡಿತು, ಹಳದಿ ಬಣ್ಣದ ತೆಳ್ಳನೆಯ ಅಂಚು. ಬರಿಗಣ್ಣಿಗೆ ಬಿರುಕೇನೂ ಕಾಣಲಿಲ್ಲ. ಆದರೆ ಬೆಸುಗೆಯ ಬಿರುಕು ಬರಿಗಣ್ಣಿಗೆ ಕಾಣಬೇಕೆಂದೇನಿಲ್ಲ.

ಭಾವ ಸೀಮೆಎಣ್ಣೆ ತಂದು ಬೆಸುಗೆಯ ಸುತ್ತ ಹಚ್ಚಿದರು. ಬಿರುಕು ಇದ್ದರೆ ಎಣ್ಣೆ ಒಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನೆಲ್ಲ ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ಆಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಒಳಗೆ ಇಳಿದ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿ ಪುಡಿಯಲ್ಲಿ ಕಪ್ಪು ಗೆರೆಯಾಗಿ ಮೂಡುತ್ತದೆ. ಪುಡಿಗೆ ನಾನು ಬಟ್ಟೆಯ ಮೇಲೆ ಗುರುತು ಹಾಕುವ ಸುಣ್ಣದ ಬಿಲ್ಲೆಯನ್ನೇ ಕೆರೆದು ಕೊಟ್ಟೆ.

ಇಬ್ಬರೂ ಬಗ್ಗಿ ಕೂತೆವು. ನೊಣ ಬಂದು ಸುಣ್ಣದ ಮೇಲೆ ಕೂರಲು ನೋಡಿತು, ಭಾವ ಉಸಿರಾಡದೆ ಕೈಯಾಡಿಸಿ ಓಡಿಸಿದರು. ಬೀದಿಯಲ್ಲಿ ಯಾರೋ "ಏನ್ರೀ ಕಿವಿಯಪ್ಪ, ಏನು ಹುಡುಕ್ತಾ ಇದ್ದೀರಿ?" ಎಂದು ಕೂಗಿದರು. ನಾವು ತಲೆ ಎತ್ತಲಿಲ್ಲ.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಹೇಳಲು ನಾಚಿಕೆಯಿಲ್ಲ. ಗೆರೆ ಮೂಡಲಿ ಎಂದು ನಾನು ಬೇಡಿಕೊಂಡೆ. ಬಿರುಕು ಇರಲಿ, ಇದ್ದರೆ ನಾವು ಕೆರೆದದ್ದಕ್ಕೆ ಅರ್ಥ ಬರುತ್ತದೆ, ಅಕ್ಕನ ಗೆರೆ ಹೋದರೂ ಮಗಳನ್ನು ಉಳಿಸಿ ಹೋಯಿತು ಎಂದುಕೊಳ್ಳಬಹುದು. ಆ ಬಿಳಿ ಪುಡಿಯನ್ನೇ ಕಣ್ಣು ಕೀಲಿಸಿ ನೋಡಿದೆ. ಮೂಡು, ಮೂಡು.

ಮೂಡಲಿಲ್ಲ. ಭಾವ ಎಲ್ಲ ಒರೆಸಿ ಮತ್ತೆ ಎಣ್ಣೆ ಹಚ್ಚಿದರು, ಮತ್ತೆ ಸುಣ್ಣ ಉದುರಿಸಿದರು. ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಸುಣ್ಣ ಹಾಲಿನಷ್ಟು ಬೆಳ್ಳಗೇ ಉಳಿಯಿತು.

"ಏನೂ ಇಲ್ಲ," ಎಂದರು. ಎರಡು ಕೈಗಳಿಂದಲೂ ಮುಖ ಮುಚ್ಚಿಕೊಂಡರು. ಕೈಗೆಲ್ಲ ಸೀಮೆಎಣ್ಣೆ, ಸುಣ್ಣ. ಅಕ್ಕ ಹೋದ ದಿನವೂ ನಾನು ಆ ಮನುಷ್ಯ ಹೀಗೆ ಅತ್ತದ್ದು ನೋಡಿರಲಿಲ್ಲ. ವಾಷರ್ ಹೇಳಿದ್ದೇ ನಿಜವಾಗಿತ್ತು. ನಾನು ಹೇಳಿದ್ದೇ ನಿಜವಾಗಿತ್ತು. ಅದನ್ನು ಎತ್ತಿ ಆಡುವ ಆಸೆ ನನಗೆ ಇರಲಿಲ್ಲ. ಅವರ ಬೆನ್ನಿಗೆ ಕೈ ಇಟ್ಟೆ.

ಬುಗುರಿ ಸಂಜೆ ಬಂದಾಗ ಸೈಕಲ್ಲು ಸಿದ್ಧವಾಗಿ ನಿಂತಿತ್ತು. ಹೊಸ ಚಕ್ರ, ಹೊಸ ಗೇರು, ಕಪ್ಪು ಬ್ರೇಕು. ಕೆರೆದ ಜಾಗಕ್ಕೆ ಭಾವ ತುಕ್ಕು ಹಿಡಿಯದಂತೆ ಬಣ್ಣವಿಲ್ಲದ ವಾರ್ನಿಷ್ ಮಾತ್ರ ಬಳಿದಿದ್ದರು. ಅವಳು ಖುಷಿಯಿಂದ ಕೂಗಿ, ಓಡಿ ಬಂದು, ಅಭ್ಯಾಸದಂತೆ ಬೆರಳು ಚಾಚಿದಳು. ಬೆರಳು ಬರೀ ಉಕ್ಕಿನ ಮೇಲೆ ನಿಂತಿತು.

"ಅಮ್ಮ ಎಲ್ಲಿ?"

ಭಾವ ಹೇಳಿದರು. ಸದ್ದು, ಬೆಸುಗೆ, ಎಣ್ಣೆ, ಸುಣ್ಣ, ಎಲ್ಲ. ನಡುವೆ ಒಮ್ಮೆಯೂ ಅವಳ ಮುಖ ನೋಡಲಿಲ್ಲ.

"ಏನಿತ್ತು ಒಳಗೆ?" ಎಂದಳು.

"ಏನೂ ಇರ್ಲಿಲ್ಲ."

"ಏನೂ ಇಲ್ದೇ ಇರೋದಕ್ಕೆ ತೆಗೆದುಹಾಕಿದ್ರಾ?" ಅವಳ ದನಿ ಏರಿತು. "ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ಅಪ್ಪ?"

"ಕೆರೆದಿದ್ದು ನಾನು," ಎಂದೆ. "ಬೈಯೋದಾದ್ರೆ ನನಗೆ ಬೈ."

ಅವಳು ಯಾರಿಗೂ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು, ಮಾತು ಬಿಟ್ಟಳು. ಶನಿವಾರವಿಡೀ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಆದರೆ ಸೈಕಲ್ಲು ತೆಗೆದುಕೊಂಡು ಹೋಗಿ ಓಡಿಸಿ ಬಂದಳು, ಗೇರು ಹೇಗಿದೆ ಎಂದು ಭಾವ ಕೇಳಿದ್ದಕ್ಕೆ ತಲೆಯಾಡಿಸಿದಳು.

ಭಾನುವಾರ ನಾನೂ ಭಾವನೂ ಗುಡ್ಡದ ಆ ಕಡೆ, ಇಳಿಜಾರಿನ ಕೊನೆಯ ತಿರುವಿನಲ್ಲಿ ನಿಂತೆವು. ರಸ್ತೆ ನೇರವಾಗಿ ಇಳಿದು ಬಂದು ಅಲ್ಲಿ ಒಮ್ಮೆಲೇ ಮುರಿದುಕೊಳ್ಳುತ್ತದೆ. ಎಲ್ಲರೂ ಜೋರಾಗಿ ಬ್ರೇಕು ಹಿಡಿಯುವ ಜಾಗ ಅದೇ. ಭಾವ ಬೇಕೆಂದೇ ಅಲ್ಲಿ ನಿಲ್ಲಿಸಿದ್ದರು ನನ್ನನ್ನು. ಮೊದಲ ಗುಂಪು ಗಾಳಿ ಸೀಳಿಕೊಂಡು ಹೋಯಿತು. ಇನ್ನಷ್ಟು ಜನ ಹೋದರು. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ಕೊನೆಯ ಏರಿನಲ್ಲಿ ಅಮ್ಮನ ಹಾಗೆ ಇಳಿದು ತಳ್ಳುತ್ತಿದ್ದಾಳೇನೋ ಅಂದುಕೊಂಡೆ. ಅಥವಾ ಮೇಲಿನ ತಿರುವಿನಲ್ಲೇ... ಮುಂದೆ ಯೋಚಿಸಲಿಲ್ಲ.

ಹಸಿರು ಸೈಕಲ್ಲು ಕಾಣಿಸಿತು. ಅವಳ ಮುಂದೆ ಒಬ್ಬ ಇದ್ದ. ತಿರುವಿಗೆ ಬಂದವನೇ ಅವನ ಚಕ್ರ ಜಲ್ಲಿಯ ಮೇಲೆ ಜಾರಿ, ಅಡ್ಡಡ್ಡ ಬಿದ್ದು, ಸೈಕಲ್ಲು ರಸ್ತೆಯ ನಡುವೆ ಉಜ್ಜುತ್ತಾ ಬಂತು. ನಾನು ಕಿರುಚಿದೆ. ಬುಗುರಿ ಎರಡು ಬ್ರೇಕುಗಳನ್ನೂ ಪೂರ್ತಿ ಹಿಡಿದಳು. ಹಿಂದಿನ ಚಕ್ರ ಎಗರಿತು, ಮತ್ತೆ ನೆಲಕ್ಕೆ ಬಿತ್ತು, ರಬ್ಬರಿನ ವಾಸನೆ ನಮ್ಮ ತನಕ ಬಂತು. ಒಂದು ಗೇಣಿನಲ್ಲಿ ಅವನನ್ನು ತಪ್ಪಿಸಿ, ಸೈಕಲ್ಲನ್ನು ನೆಟ್ಟಗೆ ಮಾಡಿಕೊಂಡು ಕೆಳಗೆ ಹೋದಳು.

ಪಕ್ಕಕ್ಕೆ ತಿರುಗಿ ನೋಡಿದರೆ ಭಾವ ಕಣ್ಣು ಮುಚ್ಚಿಕೊಂಡಿದ್ದರು. ಹೆದರಿಕೆಗೆ ಮುಚ್ಚಿದ್ದಲ್ಲ. ಕೇಳುತ್ತಿದ್ದರು.

ಬಿದ್ದವನನ್ನು ಎಬ್ಬಿಸಿ ಕೂರಿಸಿ, ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಇಲ್ಲವೆಂದು ನೋಡಿ, ಕೆಳಗೆ ಓಡಿದೆವು. ಬುಗುರಿ ರಸ್ತೆ ಬದಿಯಲ್ಲಿ ಸೈಕಲ್ಲಿಗೆ ಒರಗಿ ನಿಂತು ಏದುಸಿರು ಬಿಡುತ್ತಿದ್ದಳು. ಮುಖ ಕೆಂಪಗೆ, ಕಣ್ಣು ಒದ್ದೆ. ನನ್ನನ್ನು ನೋಡಿ ಎರಡು ದಿನಗಳ ಮೇಲೆ ಮೊದಲ ಮಾತಾಡಿದಳು.

"ಇಳೀಲಿಲ್ಲ ಚಿಕ್ಕಮ್ಮ. ಮೇಲೆ, ಕೊನೆ ಏರಲ್ಲಿ. ಕಾಲು ಸತ್ತೇ ಹೋಯ್ತು, ಆದ್ರೂ ಇಳೀಲಿಲ್ಲ."

ಭಾವ ಅವಳ ಹತ್ತಿರ ಹೋದರು.

"ತಿರುವಲ್ಲಿ ಬ್ರೇಕ್ ಹಿಡಿದಾಗ ಏನಾದ್ರೂ ಸದ್ದು ಬಂತಾ?"

"ಏನಿಲ್ಲ ಅಪ್ಪ," ಎಂದಳು.

ಅದೇ ಮಾತು. ಅವಳ ಅಮ್ಮನ ದನಿಯಲ್ಲೇ ಅಂದ ಹಾಗಿತ್ತು. ಭಾವನ ಮುಖದಲ್ಲಿ ಏನಾಯಿತೆಂದು ನಾನು ನೋಡಿದೆ, ಬುಗುರಿಯೂ ನೋಡಿದಳು. ಅವರು ಜೇಬಿನಿಂದ ಬಟ್ಟೆ ತೆಗೆದು, ಧೂಳು ತುಂಬಿದ ರಸ್ತೆಯ ಮೇಲೆ ಮೊಣಕಾಲೂರಿ, ಆ ಬರಿಯ ಉಕ್ಕಿನ ಮೇಲಿನ ಕೊಳೆ ಒರೆಸಿ, ಮುಖ ಹತ್ತಿರ ತಂದರು. ಸುತ್ತ ಜನ ನೋಡುತ್ತಿದ್ದರು. ಬುಗುರಿ ಸಿಡುಕುತ್ತಾಳೆ ಅಂದುಕೊಂಡೆ. ಅವಳು ಬೆವರು ಒರೆಸಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬೆಸುಗೆಯ ಮೇಲೆ ಬಿಸಿಲು ಬೀಳುವ ಹಾಗೆ ಸೈಕಲ್ಲನ್ನು ತಾನೇ ವಾರೆ ಮಾಡಿ ಹಿಡಿದಳು.

"ನಿಧಾನಕ್ಕೆ ನೋಡಿ ಅಪ್ಪ," ಎಂದಳು.